ಯಾರು ಒತ್ತಬೇಕು, ಎಲ್ಲಿ ಒತ್ತಬೇಕು?

ಗೋಕಾಕಕ್ಕೆ, ಮೂಡಲಗಿಗೆ, ಹುಕ್ಕೇರಿಗೆ. ಈ ಮೂರು ಊರಿನ ಹೆಸರಿಗೆ ಚತುರ್ಥಿ ವಿಭಕ್ತಿ ಹಚ್ಚಲು ಘಟಪ್ರಭೆಯ ದಂಡೆಯ ಯಾವ ಕೂಸಿಗೂ ಪಾಠ ಬೇಕಿಲ್ಲ. ಎಲ್ಲಿ 'ಕ್ಕೆ', ಎಲ್ಲಿ 'ಗೆ' ಎಂಬ ಸೂತ್ರ ಗೊತ್ತಿಲ್ಲದೆಯೇ ನಾಲಿಗೆ ಸರಿಯಾದ ಕಡೆ ಹೊರಳುತ್ತದೆ. ಹಳೆಯ ತಲೆಗಳು ಗೋಕಾಕವನ್ನು 'ಗೋಕಾವಿ' ಅಂದಾಗ ಅದು ತಾನಾಗಿ 'ಗೋಕಾವಿಗೆ' ಆಗುತ್ತದೆ. ಬಸಪ್ಪ ಎಂಬ ಹೆಸರೂ ಗೋಕಾಕದ ಹಾಗೆ ಅಕಾರದಲ್ಲೇ ಮುಗಿಯುತ್ತದೆ. ಆದರೂ 'ಬಸಪ್ಪಕ್ಕೆ' ಎಂದು ಯಾರೂ ಅನ್ನುವುದಿಲ್ಲ, 'ಬಸಪ್ಪನಿಗೆ' ಅನ್ನುತ್ತಾರೆ.

ಮೊಬೈಲಿನ ಪರದೆಗೆ ಮಾತ್ರ ಇದು ಸಾಧಿಸಿಲ್ಲ. 'ನಿಮ್ಮ ಅರ್ಜಿಯನ್ನು ಗೋಕಾಕ ಗೆ ಕಳುಹಿಸಲಾಗಿದೆ' ಎಂದು ಅದು ಹೇಳುತ್ತದೆ. 'ಹುಕ್ಕೇರಿ ನಲ್ಲಿ ದಾಖಲೆಗಳು ಕಂಡುಬಂದಿಲ್ಲ', 'ಬಸಪ್ಪ ಗೆ ಸಂದೇಶ ರವಾನಿಸಲಾಗಿದೆ' ಎಂಬಂಥವನ್ನು ಎಲ್ಲರೂ ಓದಿದ್ದೇವೆ. ಹೆಸರು ಒಂದು ಕಡೆ, ಪ್ರತ್ಯಯ ಒಂದು ಕಡೆ, ನಡುವೆ ಒಂದು ಖಾಲಿ ಜಾಗ. ಓದುವವನು ನಕ್ಕು ಮುಂದೆ ಹೋಗುತ್ತಾನೆ, ಕೆಲಸವೇನೂ ನಿಲ್ಲುವುದಿಲ್ಲ. ಆದರೆ ಈ ವಾಕ್ಯ ಹೇಗೆ ಹುಟ್ಟಿತು ಎಂದು ಕೆದಕಿದರೆ, ಕೆಲಸವನ್ನೇ ನಿಲ್ಲಿಸುವ ಇನ್ನಷ್ಟು ತೊಡಕುಗಳ ಬುಡ ಅಲ್ಲೇ ಸಿಗುತ್ತದೆ.

ತಂತ್ರಾಂಶ ಬರೆಯುವವರು ಪೂರ್ತಿ ವಾಕ್ಯ ಬರೆಯುವುದಿಲ್ಲ. ನಡುವೆ ಒಂದು ತೂತು ಬಿಟ್ಟು, ಅದರೊಳಗೆ ಊರಿನ ಹೆಸರನ್ನೋ ಜನರ ಹೆಸರನ್ನೋ ಯಂತ್ರವೇ ತುಂಬಿಕೊಳ್ಳಲಿ ಎಂದು ಬಿಡುತ್ತಾರೆ. ಇಂಗ್ಲಿಷಿನಲ್ಲಿ ಇದು ನಡೆಯುತ್ತದೆ, ಏಕೆಂದರೆ ಅಲ್ಲಿ ವಿಭಕ್ತಿಯ ಕೆಲಸ ಮಾಡುವ ಪದ ಹೆಸರಿನ ಮುಂಚೆ ಬೇರೆಯಾಗಿ ನಿಲ್ಲುತ್ತದೆ. ಯಾವ ಹೆಸರು ಬಂದರೂ ಅದು ಮಿಸುಕುವುದಿಲ್ಲ. ಕನ್ನಡದಲ್ಲಿ ಪ್ರತ್ಯಯ ಹೆಸರಿನ ಬಾಲಕ್ಕೇ ಅಂಟುತ್ತದೆ, ಹೆಸರಿನ ಕೊನೆಯ ಸ್ವರ ಮತ್ತು ಲಿಂಗ ನೋಡಿ ರೂಪ ಬದಲಿಸುತ್ತದೆ. ತೆಲುಗು, ತಮಿಳು, ತುರ್ಕಿ, ಫಿನ್ನಿಶ್ ಭಾಷೆಯವರಿಗೂ ಇದೇ ಗೋಳು.

ಇದನ್ನು ಅನುವಾದಕರ ತಪ್ಪೆಂದು ಬೈಯುವುದು ರೂಢಿ. ಅದರಲ್ಲಿ ಅರ್ಧ ಅನ್ಯಾಯವಿದೆ. ತಂತ್ರಾಂಶದಿಂದ ವಾಕ್ಯಗಳನ್ನು ಹೆಕ್ಕಿ ತೆಗೆದು, ಬೇರೊಂದು ಕಡತದಲ್ಲಿಟ್ಟು, ಅನುವಾದಿಸಿ ಮತ್ತೆ ಒಳಗೆ ತೂರಿಸುವ ಪದ್ಧತಿ 1990ರ ದಶಕದಲ್ಲಿ ಗ್ನೂ ಗೆಟ್‌ಟೆಕ್ಸ್ಟ್‌ನಂಥ ಸಾಧನಗಳಿಂದ ಎಲ್ಲೆಡೆ ಹರಡಿತು. ಕನ್ನಡದ ಸ್ವಯಂಸೇವಕರು ಲಿನಕ್ಸ್, ಫೈರ್‌ಫಾಕ್ಸ್‌ಗಳನ್ನು ಕನ್ನಡಿಸಿದ್ದು ಈ ದಾರಿಯಲ್ಲೇ. ಅನುವಾದಕರ ಕೈಗೆ ಬರುವುದು ಎರಡು ಕಾಲಮಿನ ಪಟ್ಟಿ: ಎಡಕ್ಕೆ ಇಂಗ್ಲಿಷ್, ಬಲಕ್ಕೆ ಖಾಲಿ. ಆ ಸಾಲು ಗುಂಡಿಯ ಮೇಲಿನದೋ, ತಲೆಬರಹವೋ, ಎಚ್ಚರಿಕೆಯೋ ಕಾಣುವುದಿಲ್ಲ. ತೂತಿನಲ್ಲಿ ಊರು ಬರುತ್ತದೋ ಮನುಷ್ಯ ಬರುತ್ತಾನೋ ಹೇಳುವವರಿಲ್ಲ. ಕಣ್ಣು ಕಟ್ಟಿ ಕೂರಿಸಿ ಬಟ್ಟೆ ಹೊಲಿ ಎಂದ ಹಾಗೆ.

ಇದಕ್ಕೆ ಮದ್ದು ಹೊಸದಾಗಿ ಕಂಡುಹಿಡಿಯಬೇಕಾದ್ದೇನಲ್ಲ. ಕನ್ನಡ ಪತ್ರವ್ಯವಹಾರದಲ್ಲಿ ಅದು ಮೊದಲಿನಿಂದಲೂ ಇದೆ. ಹೆಸರಿನ ಮುಂದೆ ಒಂದು ಸ್ಥಿರವಾದ ಪದ ಇಟ್ಟು, ಪ್ರತ್ಯಯವನ್ನು ಅದಕ್ಕೆ ಹಚ್ಚುವುದು. 'ಗೋಕಾಕ ತಾಲೂಕಿಗೆ', 'ಹುಕ್ಕೇರಿ ತಾಲೂಕಿನಲ್ಲಿ', 'ಬಸಪ್ಪ ಅವರಿಗೆ'. ಯಾವ ತಾಲೂಕು ಬಂದರೂ, ಯಾವ ಹೆಸರು ಬಂದರೂ ವಾಕ್ಯ ಮುರಿಯುವುದಿಲ್ಲ, ಮರ್ಯಾದೆಯೂ ಉಳಿಯುತ್ತದೆ. ಅದೂ ಬೇಡವೆಂದರೆ ವಾಕ್ಯವನ್ನೇ ಬಿಟ್ಟು 'ಅರ್ಜಿ ಹೋದ ಕಚೇರಿ: ತಹಶೀಲ್ದಾರ್ ಕಚೇರಿ, ಹುಕ್ಕೇರಿ' ಎಂದು ಬರೆದರೆ ಮುಗಿಯಿತು. ಬಹುವಚನಕ್ಕೂ ಇಷ್ಟೇ. ಜಗತ್ತಿನ ತಂತ್ರಾಂಶಗಳು ಬಳಸುವ ಭಾಷಾ ನಿಯಮಗಳ ಸಾರ್ವತ್ರಿಕ ಪಟ್ಟಿಯಲ್ಲಿ ಕನ್ನಡಕ್ಕೆ ಎರಡು ರೂಪ ಕೊಟ್ಟಿದ್ದಾರೆ. ಸೊನ್ನೆ ಮತ್ತು ಒಂದಕ್ಕೆ ಏಕವಚನ, ಉಳಿದದ್ದಕ್ಕೆ ಬಹುವಚನ. ಆದರೆ ಮೂಡಲಗಿಯ ದನದ ಸಂತೆಯಲ್ಲಿ 'ಐದು ಎಮ್ಮೆಗಳು' ಎಂದು ಯಾರು ವ್ಯಾಪಾರ ಮಾಡುತ್ತಾರೆ? ಐದು ಎಮ್ಮೆ, ಹತ್ತು ಚೀಲ, 3 ಅರ್ಜಿ ಬಾಕಿ. ಸಂಖ್ಯೆಯೇ ಲೆಕ್ಕ ಹೇಳಿದ ಮೇಲೆ 'ಗಳು' ಬೇಕೆಂದು ಕನ್ನಡ ಹಟ ಹಿಡಿಯುವುದಿಲ್ಲ.

ಇದೆಲ್ಲ ಮೇಲ್ಮೈಯ ಗಾಯ. ಒಳಗಿನ ನೋವು ಬೇರೆ.

ಸರ್ಕಾರಿ ತಂತ್ರಾಂಶವೊಂದರ ಕೈಪಿಡಿಯಲ್ಲಿ, ಅರ್ಜಿಯ ಪುಟದಲ್ಲಿ ನಾವು ಓದುವ ಧಾಟಿ ಸಾಧಾರಣವಾಗಿ ಹೀಗಿರುತ್ತದೆ: 'ನೋಂದಾಯಿತ ಮೊಬೈಲ್ ಸಂಖ್ಯೆಗೆ ರವಾನಿಸಲಾದ ಒಂದು ಬಾರಿಯ ಗುಪ್ತಪದವನ್ನು ನಮೂದಿಸುವ ಮೂಲಕ ದೃಢೀಕರಣ ಪ್ರಕ್ರಿಯೆಯನ್ನು ಪೂರ್ಣಗೊಳಿಸತಕ್ಕದ್ದು.' ವ್ಯಾಕರಣದ ಮೇಷ್ಟ್ರು ಕೆಂಪು ಶಾಯಿ ಹಿಡಿದು ಕೂತರೂ ಇದರಲ್ಲಿ ತಪ್ಪು ಹುಡುಕಲಾರರು. ಈಗ ಗೋಕಾಕದ ಬಸ್ ನಿಲ್ದಾಣದ ಆಸುಪಾಸಿನ ಯಾವುದಾದರೂ ಆನ್‌ಲೈನ್ ಸೆಂಟರಿನ ಮುಂದೆ ನಿಂತು ಇದೇ ಸಂಗತಿ ಕೇಳಿ:

'ಯಜಮಾನ್ರ, ಫೋನಿಗೆ ಒಂದ ಮೆಸೇಜ್ ಬಂದಿರ್ತೈತಿ, ಅದರಾಗ ಆರ ಅಂಕಿ ಅದಾವ ನೋಡ್ರಿ, ಓದಿ ಹೇಳ್ರಿ.'

'ಫೋನ್ ನನ್ನ ಕಡೆ ಇಲ್ಲೋ ತಮ್ಮಾ, ಮಗನ ಕಡೆ ಐತಿ. ಅಂವ ಕಬ್ಬಿನ ಟ್ರ್ಯಾಕ್ಟರ್ ತಗೊಂಡ ಕಾರ್ಖಾನಿಗೆ ಹೋಗ್ಯಾನ.'

'ಹಂಗಾರ ಅವಂಗ ಫೋನ್ ಹಚ್ಚಿ ಕೇಳ್ರಿ. ಹತ್ತ ನಿಮಿಷದಾಗ ಹೇಳಬೇಕ್ರಿ, ತಡಾ ಆದ್ರ ಮತ್ತ ಮೊದಲಿಂದ ಮಾಡಬೇಕಾಗ್ತೈತಿ.'

ಸೆಂಟರಿನ ಈ ಹುಡುಗ ಯಾವ ತಾಂತ್ರಿಕ ಬರವಣಿಗೆಯ ತರಬೇತಿಗೂ ಹೋದವನಲ್ಲ. ಆದರೂ ಯಾರು ಮಾಡಬೇಕು, ಏನನ್ನು ನೋಡಬೇಕು, ಎಷ್ಟು ಹೊತ್ತಿನಲ್ಲಿ, ತಪ್ಪಿದರೆ ಮುಂದೇನು ಎಂಬ ನಾಲ್ಕೂ ಸಂಗತಿ ಅವನ ಮಾತಿನಲ್ಲಿವೆ. ಮೇಲಿನ ಮುದ್ರಿತ ವಾಕ್ಯದಲ್ಲಿ ನಾಲ್ಕರಲ್ಲಿ ಒಂದೂ ಪೂರ್ತಿಯಾಗಿಲ್ಲ. ರವಾನಿಸಿದ್ದು ಯಾರು? ಪೂರ್ಣಗೊಳಿಸಬೇಕಾದವರು ಯಾರು? ಕರ್ತೃವನ್ನೇ ಒಳಗೆ ಬಿಟ್ಟುಕೊಳ್ಳದಂತೆ 'ಲಾದ', 'ತಕ್ಕದ್ದು'ಗಳು ಬಾಗಿಲು ಕಾಯುತ್ತಿವೆ.

ಅದನ್ನೇ ಬರಹದ ಕನ್ನಡದಲ್ಲಿ ಹೀಗೆ ಬರೆಯಬಹುದು: 'ಆಧಾರ್‌ಗೆ ಜೋಡಿಸಿದ ಮೊಬೈಲಿಗೆ 6 ಅಂಕಿಯ ಓಟಿಪಿ ಬರುತ್ತದೆ. ಅದನ್ನು ಇಲ್ಲಿ ತುಂಬಿ, ಮುಂದೆ ಎಂಬುದನ್ನು ಒತ್ತಿ. 10 ನಿಮಿಷ ದಾಟಿದರೆ ಹೊಸ ಓಟಿಪಿ ತರಿಸಿಕೊಳ್ಳಿ.' ಪುಟದ ನೆತ್ತಿಯ ಮೇಲೆ, ಎಲ್ಲಕ್ಕೂ ಮೊದಲು, ಇನ್ನೊಂದು ಸಾಲು: 'ಶುರುಮಾಡುವ ಮೊದಲು ಆ ಮೊಬೈಲು ನಿಮ್ಮ ಕೈಯಲ್ಲಿರಲಿ.' ಯಜಮಾನರ ಒಂದು ದಿನದ ಕೂಲಿ, ಬಸ್ ಚಾರ್ಜು ಉಳಿಸುವುದು ಈ ಕೊನೆಯ ಸಾಲು. ಅದು ಯಾವ ಇಂಗ್ಲಿಷ್ ಮೂಲದಲ್ಲೂ ಇರುವುದಿಲ್ಲ. ಮೂಲ ಬರೆದವನಿಗೆ ಮನೆಗೊಂದೇ ಫೋನ್ ಇರುವ ಸಂಸಾರ ಗೊತ್ತಿಲ್ಲ. ಕೈಪಿಡಿಯನ್ನು ಬೆಳಗಾವಿ ಆಡುನುಡಿಯಲ್ಲೇ ಬರೆಯಿರಿ ಎಂದು ನಾನು ವಾದಿಸುತ್ತಿಲ್ಲ. ಅದೇ ಪುಟವನ್ನು ಚಾಮರಾಜನಗರದವರೂ ಓದಬೇಕು. ಪದ ಶಿಷ್ಟವಾಗಿರಲಿ, ವಾಕ್ಯದ ಎಲುಬು ಮಾತ್ರ ಆ ಹುಡುಗನ ಮಾತಿನದಾಗಿರಲಿ.

ಕರ್ತೃವಿಲ್ಲದ ಈ ಧಾಟಿ ಎಲ್ಲಿಂದ ಬಂತು ಎನ್ನುವುದು ದೊಡ್ಡ ಗುಟ್ಟೇನಲ್ಲ. 1963ರ ರಾಜಭಾಷಾ ಕಾಯ್ದೆಯ ಬಳಿಕ ಆಡಳಿತ ಕನ್ನಡಕ್ಕೆ ಬಂದಾಗ, ಬ್ರಿಟಿಷ್ ಕಾಲದ ಕಚೇರಿ ಇಂಗ್ಲಿಷಿನ ಅಚ್ಚಿನಲ್ಲೇ ಕನ್ನಡದ ವಾಕ್ಯಗಳನ್ನು ಎರಕ ಹೊಯ್ದರು. ಕಚೇರಿಯ ಟಿಪ್ಪಣಿಗೆ ಅದು ಒಗ್ಗುತ್ತದೆ. ಅಲ್ಲಿ ಯಾರು ಮಾಡಿದರು ಎಂದು ಹೇಳದಿರುವುದೇ ಎಷ್ಟೋ ಸಲ ಉದ್ದೇಶ. ಕಡತದಿಂದ ತಂತ್ರಾಂಶಕ್ಕೆ ಅದೇ ಭಾಷೆ ನಡೆದುಬಂತು. 'ಅರ್ಜಿ ತಿರಸ್ಕರಿಸಲಾಗಿದೆ' ಎಂಬ ಎರಡೇ ಪದದ ಸಂದೇಶ ನೋಡಿ. ಮೊದಲು ವ್ಯಾಕರಣ: 'ತಿರಸ್ಕರಿಸಲಾಗಿದೆ' ಎಂದ ಮೇಲೆ 'ಅರ್ಜಿಯನ್ನು' ಎಂದಾಗಬೇಕು, ಪರದೆಯ ಮೇಲೆ ಜಾಗ ಉಳಿಸುವ ಭರದಲ್ಲಿ 'ಅನ್ನು' ಹೋಯಿತು. ಆಮೇಲೆ ಅರ್ಥ: ತಿರಸ್ಕರಿಸಿದ್ದು ಯಂತ್ರವೋ, ಗ್ರಾಮ ಆಡಳಿತ ಅಧಿಕಾರಿಯೋ, ತಹಶೀಲ್ದಾರರೋ? ರೈತ ಯಾರ ಬಾಗಿಲಿಗೆ ಹೋಗಬೇಕು ಎಂಬುದು ಆ ಉತ್ತರದ ಮೇಲೆ ನಿಂತಿದೆ. 'ಗ್ರಾಮ ಆಡಳಿತ ಅಧಿಕಾರಿ ನಿಮ್ಮ ಅರ್ಜಿಯನ್ನು ತಿರಸ್ಕರಿಸಿದ್ದಾರೆ. ಕಾರಣ: ಪಹಣಿಯ ಹೆಸರು ಆಧಾರ್ ಹೆಸರಿಗೆ ತಾಳೆಯಾಗುವುದಿಲ್ಲ. ತಿದ್ದಿಸಲು ನಾಡಕಚೇರಿಗೆ ಹೋಗಿ' ಎಂದರೆ ಸಾಲು ಉದ್ದವಾಯಿತು, ನಿಜ; ಅಲೆದಾಟ ಕಡಿಮೆಯಾಯಿತು.

ಓದುಗ ಬದಲಾದದ್ದನ್ನು ಬರಹ ಗಮನಿಸಲಿಲ್ಲ ಎನ್ನುವುದೇ ಇಲ್ಲಿಯ ಮುಖ್ಯ ಸಂಗತಿ ಎಂದು ನನಗನ್ನಿಸುತ್ತದೆ. ಈ ಶತಮಾನದ ಮೊದಲ ವರ್ಷಗಳಲ್ಲಿ 'ಭೂಮಿ' ಯೋಜನೆ ಬಂದಾಗ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ ದಾಖಲೆ ಕಂಪ್ಯೂಟರಿಗೆ ಏರಿದವು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಆ ತಂತ್ರಾಂಶವನ್ನು ಮುಟ್ಟುತ್ತಿದ್ದವರು ಕಂದಾಯ ಇಲಾಖೆಯ ಸಿಬ್ಬಂದಿ. ಅವರಿಗೆ ಇಲಾಖೆಯ ಭಾಷೆ ಗೊತ್ತಿತ್ತು. 'ಹಕ್ಕು ಬದಲಾವಣೆ', 'ಪೋಡಿ', 'ಹಿಸ್ಸಾ' ಎಂದರೆ ತಲೆಕೆಡಿಸಿಕೊಳ್ಳಬೇಕಿರಲಿಲ್ಲ. ಕೈಪಿಡಿ ಅವರಿಗಾಗಿ ಬರೆದದ್ದು, ಅವರಿಗೆ ಸಾಕಾಗಿತ್ತು. 2018ರಲ್ಲಿ ಸರ್ಕಾರಿ ಸೇವೆಗಳಿಗೆ ಆನ್‌ಲೈನ್ ಅರ್ಜಿ ಹಾಕುವ ಸೇವಾ ಸಿಂಧು ಬಂತು. 2020ರಲ್ಲಿ ರೈತರೇ ತಮ್ಮ ಹೊಲದಲ್ಲಿ ನಿಂತು ಫೋಟೊ ತೆಗೆದು ಬೆಳೆ ಸಮೀಕ್ಷೆ ಮಾಡುವ ಆ್ಯಪ್ ಬಂತು. ಕಿಟಕಿಯ ಒಳಗಿದ್ದವರು ಮಾಡುತ್ತಿದ್ದ ಕೆಲಸ ಹೊರಗಿದ್ದವರ ಕೈಗೆ ಬಂತು. ಭಾಷೆ ಒಳಗೇ ಉಳಿಯಿತು.

ಇದರ ಬೆಲೆ ಎಷ್ಟು ಎನ್ನುವುದಕ್ಕೆ ಒಂದು ಚುಕ್ಕೆಯ ಕತೆ ಸಾಕು. ಪಹಣಿಯಲ್ಲಿ ವಿಸ್ತೀರ್ಣವನ್ನು ಎಕರೆ, ಗುಂಟೆಗಳಲ್ಲಿ ನಡುವೆ ಚುಕ್ಕೆ ಇಟ್ಟು ಬರೆಯುವ ರೂಢಿ. ಎರಡೂವರೆ ಎಕರೆ ಅಲ್ಲಿ 2.20, ಒಂದು ಎಕರೆಗೆ 40 ಗುಂಟೆ, ಅರ್ಧಕ್ಕೆ 20. ಅಷ್ಟು ಹೊಲವಿರುವ ರೈತ ಇನ್ನೊಂದು ಅರ್ಜಿಯಲ್ಲಿ 'ವಿಸ್ತೀರ್ಣ (ಎಕರೆ)' ಎಂಬ ಮನೆ ಕಂಡು, ಪಹಣಿ ನೋಡಿಕೊಂಡು 2.20 ಎಂದು ತುಂಬುತ್ತಾನೆ. ಆ ತಂತ್ರಾಂಶ ದಶಮಾಂಶ ಓದುವಂಥದ್ದಾದರೆ ಅದು ಎರಡು ಎಕರೆ ಎಂಟು ಗುಂಟೆ ಎಂದು ಲೆಕ್ಕ ಹಿಡಿಯುತ್ತದೆ. ಹನ್ನೆರಡು ಗುಂಟೆ ಒಂದು ಚುಕ್ಕೆಯಲ್ಲಿ ಮಾಯ. ಒಂದು ಗುಂಟೆಗೆ 1,089 ಚದರ ಅಡಿ. ಹನ್ನೆರಡಕ್ಕೆ ಎಷ್ಟಾಯಿತು ಎಂದು ಗುಣಿಸಿ ನೋಡಿ. ಮೂಡಲಗಿ ಸೀಮೆಯ ನೀರಾವರಿ ಹೊಲದಲ್ಲಿ ಅಷ್ಟು ಜಾಗದಲ್ಲಿ ಎಷ್ಟು ಟನ್ ಕಬ್ಬು ಬರುತ್ತದೆ ಎಂದು ಅಲ್ಲಿಯವರೇ ಬಾಯಲ್ಲಿ ಲೆಕ್ಕ ಹಾಕಿ ಹೇಳುತ್ತಾರೆ. ಇನ್ನು ಹೆಕ್ಟೇರ್ ಕೇಳುವ ಅರ್ಜಿಗಳ ಗೋಜಲು ಬೇರೆ, ಅಲ್ಲಿ 2.471ರಿಂದ ಭಾಗಿಸಬೇಕು.

ಇಲ್ಲಿ ಯಾರ ವ್ಯಾಕರಣವೂ ಕೆಟ್ಟಿಲ್ಲ. ಆದರೂ ಅರ್ಥ ಕೆಟ್ಟಿತು. ತಂತ್ರಾಂಶದವರು ಎರಡು ಮನೆ ಮಾಡಿದ್ದರೆ ತೊಂದರೆಯೇ ಇರುತ್ತಿರಲಿಲ್ಲ. ಮಾಡದಿದ್ದರೆ ಬರೆಯುವವನ ಪಾಲಿಗೆ ಬರುವುದು ಒಂದು ಉದಾಹರಣೆ: 'ಪಹಣಿಯಲ್ಲಿ 2.20 ಇದ್ದರೆ (ಎರಡು ಎಕರೆ ಇಪ್ಪತ್ತು ಗುಂಟೆ) ಇಲ್ಲಿ 2.5 ಎಂದು ತುಂಬಿ.' ಹತ್ತು ಸಾಲಿನ ವಿವರಣೆ ಮಾಡದ ಕೆಲಸವನ್ನು ಒಂದು ಸರಿಯಾದ ಉದಾಹರಣೆ ಮಾಡುತ್ತದೆ. ನಮ್ಮ ಕೈಪಿಡಿಗಳು ವ್ಯಾಖ್ಯೆಗೆ ಕೊಡುವ ಜಾಗದ ಕಾಲು ಭಾಗವನ್ನು ಉದಾಹರಣೆಗೆ ಕೊಟ್ಟರೆ ಎಷ್ಟೋ ಜಗಳ ತಪ್ಪುತ್ತದೆ.

ಜಗಳ ಎಂದಾಗ 2019ರ ಆಗಸ್ಟ್ ನೆನಪಾಗುತ್ತದೆ. ಘಟಪ್ರಭಾ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕದ ಓಣಿಗಳಿಗೆ ನೀರು ನುಗ್ಗಿತು. ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು: ಶೇ 75ಕ್ಕಿಂತ ಹೆಚ್ಚು ಹಾನಿಯಾದರೆ ಎ, 25ರಿಂದ 75ರವರೆಗೆ ಬಿ, 15ರಿಂದ 25ರವರೆಗೆ ಸಿ. ಎ ಎಂದಾದರೆ 5 ಲಕ್ಷ ರೂಪಾಯಿ, ಸಿ ಎಂದಾದರೆ 50 ಸಾವಿರ. ಶೇಕಡಾ ಎಂಬುದು ನೋಡಲು ಬಹಳ ಖಚಿತವಾದ ಮಾತು. ಆದರೆ ಯಾವುದರ ಶೇಕಡಾ? ಗೋಡೆಯದೋ, ಮಾಳಿಗೆಯದೋ, ಒಟ್ಟು ಕಟ್ಟಿದ ಜಾಗದ್ದೋ? ಮಣ್ಣಿನ ಗೋಡೆ ನಿಂತಿದೆ, ಆದರೆ ಬುಡ ನೆನೆದು ನಾಳೆ ಬೀಳುವಂತಿದೆ. ಅದನ್ನು ಎಷ್ಟೆಂದು ಹಾಕುವುದು? ಮನೆಮನೆಗೆ ಹೋಗಿ ಒಂದು ಅಕ್ಷರ ಆರಿಸಬೇಕಾದವರಿಗೆ ಇಂಥ ಪ್ರಶ್ನೆಗಳಿಗೆ ಚಿತ್ರಸಮೇತ ಉತ್ತರ ಬೇಕು. ತಾಂತ್ರಿಕ ಬರವಣಿಗೆ ಎಂದರೆ ಕಂಪನಿಗಳ ಇಂಗ್ಲಿಷ್ ಹುದ್ದೆ ಎಂದುಕೊಂಡವರು ಈ ಮೂರು ಅಕ್ಷರಗಳ ನಡುವಿನ ಲಕ್ಷಗಳನ್ನು ಒಮ್ಮೆ ಎಣಿಸಬೇಕು.

ಪದಗಳ ಬಗ್ಗೆ ಹೆಚ್ಚು ಹೇಳಬಾರದೆಂದುಕೊಂಡಿದ್ದೆ. ಕನ್ನಡ ತಂತ್ರಾಂಶದ ಮಾತು ಬಂದರೆ ನಮ್ಮವರ ಚರ್ಚೆಯೆಲ್ಲ 'ಅಪ್‌ಲೋಡ್‌ಗೆ ಕನ್ನಡ ಏನು' ಎಂಬಲ್ಲಿಗೇ ಹೋಗಿ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಬಂಡಿ ಹೋಗುವುದಿಲ್ಲ. ಅಪ್‌ಲೋಡ್ ಅಪ್‌ಲೋಡೇ ಆಗಿರಲಿ, ಓಟಿಪಿ ಓಟಿಪಿಯೇ ಆಗಿರಲಿ. ಸಂತೆಯಲ್ಲಿ ಕಾಯಿಪಲ್ಯೆ ಮಾರುವ ಅಜ್ಜಿಯ ಬಾಯಲ್ಲೂ ಅವು ಬಂದಾಗಿವೆ. ತೊಡಕು ಇರುವುದು ನಮ್ಮದೇ ಹಳೆಯ ಪದಗಳಲ್ಲಿ. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು; ಕಂದಾಯದ ಪದಗಳು ಆ ಕಡೆಯಿಂದ ಬಂದವು. ಇಲ್ಲಿ ಜನ ಕೇಳುವುದು 'ಉತಾರ'. ಪಹಣಿ ಎಂದರೂ ಈಗ ಗೊತ್ತಾಗುತ್ತದೆ, ಆದರೆ ಮನೆಯಲ್ಲಿ ಆಡುವ ಮಾತು ಅದಲ್ಲ. ತಂದೆ ತೀರಿಕೊಂಡ ಮೇಲೆ ಮಕ್ಕಳ ಹೆಸರು ಏರಿಸುವುದಕ್ಕೆ 'ವಾರಸಾ' ಮಾಡಿಸುವುದು ಎನ್ನುತ್ತಾರೆ. ಅಣ್ಣತಮ್ಮಂದಿರ ಪಾಲಿಗೆ 'ವಾಟ್ನಿ'. ಸೊಸೈಟಿಯ ಸಾಲ ಉತಾರದ ಮೇಲೆ ಕೂತರೆ 'ಬೋಜಾ'. ಬೆಂಗಳೂರಿನಲ್ಲಿ ಬರೆದ ಸಹಾಯಪುಟದಲ್ಲಿ 'ಪೌತಿ ಖಾತೆ', 'ವಿಭಾಗ', 'ಋಣಭಾರ' ಇರುತ್ತವೆ. ಮೊದಲ ಸಲ ಬಂದ ಕಡೆ 'ಪಹಣಿ (ಉತಾರ)' ಎಂದು ಎರಡನ್ನೂ ಕೊಟ್ಟು, ಆಮೇಲೆ ಒಂದನ್ನೇ ಬಿಡದೆ ಬಳಸಿದರೆ ಸಾಕು. ಒಂದೇ ಪುಟದಲ್ಲಿ ಮೊದಲು ಪಹಣಿ, ಆಮೇಲೆ ಆರ್‌ಟಿಸಿ, ಕೊನೆಗೆ ಹಕ್ಕು ದಾಖಲೆ ಎಂದು ಬದಲಿಸುತ್ತ ಹೋದರೆ ಮೂರೂ ಬೇರೆಬೇರೆ ಕಾಗದ ಎಂದು ರೈತ ಮೂರು ಕಡೆ ಹುಡುಕುತ್ತಾನೆ. ಕಾವ್ಯದಲ್ಲಿ ಪದ ಪುನರುಕ್ತಿಯಾಗಬಾರದು ಎಂದು ಶಾಲೆಯಲ್ಲಿ ಕಲಿತದ್ದನ್ನು ಕೈಪಿಡಿ ಬರೆಯುವಾಗ ಮರೆಯಬೇಕು.

ಹೆಸರು ತುಂಬುವ ಮನೆಗಳ ವಿಷಯವೂ ಇದೇ. 'ಮೊದಲ ಹೆಸರು, ಮಧ್ಯದ ಹೆಸರು, ಕೊನೆಯ ಹೆಸರು' ಎನ್ನುವುದು ಎಲ್ಲಿಯದೋ ಪದ್ಧತಿ. ಇಲ್ಲಿ ತನ್ನ ಹೆಸರು, ತಂದೆಯ ಇಲ್ಲವೇ ಗಂಡನ ಹೆಸರು, ಅಡ್ಡಹೆಸರು. ಹಳೆ ಮೈಸೂರಿನ ಕಡೆ ಅಡ್ಡಹೆಸರಿಲ್ಲದೆ ಒಂದೆರಡು ಇನಿಶಿಯಲ್. ಒಂದೇ ಅರ್ಜಿ ಎರಡೂ ಕಡೆ ಓಡಬೇಕಾದರೆ 'ಆಧಾರ್‌ನಲ್ಲಿ ಇರುವ ಹಾಗೆಯೇ ಪೂರ್ತಿ ಹೆಸರು' ಎಂದು ಒಂದೇ ಮನೆ ಇಡುವುದು ಜಾಣತನ.

ಸೂಚನೆ ತಪ್ಪಾಗಿ ಅರ್ಥವಾಗುವ ಈ ತೊಂದರೆಯನ್ನು ಹೊರಗಿನ ಜಗತ್ತು ಹೇಗೆ ಬಗೆಹರಿಸಿಕೊಂಡಿತು ಎನ್ನುವುದಕ್ಕೆ ವಿಮಾನಗಳ ಉದಾಹರಣೆ ಒಳ್ಳೆಯದು. ವಿಮಾನ ರಿಪೇರಿಯ ಕೈಪಿಡಿಗಳು ಬಹುತೇಕ ಇಂಗ್ಲಿಷಿನಲ್ಲಿ, ರಿಪೇರಿ ಮಾಡುವ ಎಷ್ಟೋ ಜನರ ಮನೆಮಾತು ಇಂಗ್ಲಿಷಲ್ಲ. 1986ರಲ್ಲಿ ಯುರೋಪಿನ ವಿಮಾನ ತಯಾರಕರ ಒಕ್ಕೂಟ ಸರಳ ತಾಂತ್ರಿಕ ಇಂಗ್ಲಿಷ್ ಎಂಬ ನಿಯಮಾವಳಿ ಹೊರತಂದಿತು. ಒಂದು ಪದಕ್ಕೆ ಒಂದೇ ಅರ್ಥ. ಒಂದು ವಾಕ್ಯಕ್ಕೆ ಒಂದೇ ಸೂಚನೆ. ಸೂಚನೆಯ ವಾಕ್ಯ 20 ಪದ ಮೀರಬಾರದು. ಮುಚ್ಚು ಎಂಬ ಅರ್ಥದಲ್ಲಿ ಬಳಸುವ ಪದವನ್ನು ಹತ್ತಿರ ಎಂಬ ಅರ್ಥದಲ್ಲಿ ಬಳಸುವ ಹಾಗಿಲ್ಲ, ನಿಘಂಟಿನಲ್ಲಿ ಎರಡೂ ಇದ್ದರೂ ಸರಿ. ಇಂದಿಗೂ ಅದು ತಿದ್ದುಪಡಿಯಾಗುತ್ತ ಬಳಕೆಯಲ್ಲಿದೆ. 2023ರಲ್ಲಿ ಸರಳ ಭಾಷೆಗೆಂದೇ ಒಂದು ಅಂತರರಾಷ್ಟ್ರೀಯ ಐಎಸ್‌ಒ ಮಾನಕವೂ ಬಂತು. ಓದುಗನಿಗೆ ಬೇಕಾದ್ದು ಇರಬೇಕು, ಅದು ಸುಲಭವಾಗಿ ಸಿಗಬೇಕು, ಅರ್ಥವಾಗಬೇಕು, ಬಳಸಲು ಬರಬೇಕು ಎಂಬುದು ಅದರ ತಿರುಳು.

ಆ ನಿಯಮಗಳನ್ನು ಹಾಗೆಯೇ ಎತ್ತಿ ಕನ್ನಡಕ್ಕೆ ಹಚ್ಚಲಾಗದು. ಪದಕ್ಕೆ ಪ್ರತ್ಯಯ ಅಂಟಿಸುವ ನಮ್ಮ ಭಾಷೆಯಲ್ಲಿ 20 ಪದ ಎಂದರೆ ಬಹಳ ಉದ್ದ. 10-12ಕ್ಕೆ ಉಸಿರು ಬಿಡುವುದು ಒಳ್ಳೆಯದು. ಇನ್ನೊಂದು ಕಡೆ, ಇಂಗ್ಲಿಷಿಗಿಲ್ಲದ ಒಂದು ಅನುಕೂಲ ನಮಗಿದೆ. ಹೋಗಿ, ತೆಗೆದು, ನೋಡಿ, ಒತ್ತಿ ಎಂದು ಕ್ರಿಯೆಗಳನ್ನು ನಡೆದ ಕ್ರಮದಲ್ಲೇ ಪೋಣಿಸಿಕೊಂಡು ಹೋಗಬಹುದು. 'ಮೇಲಿನ ಮೂರು ಗೆರೆ ಒತ್ತಿ, ನನ್ನ ಅರ್ಜಿಗಳು ತೆರೆದು, ಇವತ್ತಿನ ದಿನಾಂಕದ್ದನ್ನು ಆರಿಸಿ' ಎಂಬಲ್ಲಿ ಕೈ ಹೇಗೆ ಸಾಗಬೇಕೋ ವಾಕ್ಯವೂ ಹಾಗೇ ಸಾಗುತ್ತದೆ. ಇಂಗ್ಲಿಷ್ ಮೂಲ ಹಿಡಿದು ಹೊರಟಾಗಲೇ 'ಆಧಾರ್ ಜೋಡಣೆಯಾಗದ ಹೊರತು ಅರ್ಜಿ ಸಲ್ಲಿಸಲು ಸಾಧ್ಯವಾಗುವುದಿಲ್ಲ' ಎಂಬ ಎರಡು ನಕಾರಗಳ ಗಂಟು ಬೀಳುವುದು. 'ಮೊದಲು ಆಧಾರ್ ಜೋಡಿಸಿ. ಆಮೇಲೆ ಅರ್ಜಿ ಸಲ್ಲಿಸಿ' ಎಂದರೆ ಗಂಟೇ ಇಲ್ಲ.

ಗುಂಡಿಗಳ ಮೇಲೆ 'ಉಳಿಸು' ಎಂದಿರಬೇಕೋ 'ಉಳಿಸಿ' ಎಂದಿರಬೇಕೋ ಎಂಬ ಹಳೆಯ ಜಗಳ ಇನ್ನೂ ಮುಗಿದಿಲ್ಲ. ನಾನು ಯಂತ್ರಕ್ಕೆ ಹೇಳುತ್ತಿದ್ದೇನೆ ಎಂದುಕೊಂಡವರು 'ಉಳಿಸು' ಎನ್ನುತ್ತಾರೆ, ಯಂತ್ರ ನನಗೆ ಹೇಳುತ್ತಿದೆ ಎಂದುಕೊಂಡವರು 'ಉಳಿಸಿ' ಎನ್ನುತ್ತಾರೆ. ನನ್ನ ಮತ ಮೊದಲನೆಯದಕ್ಕೆ. ಮಾತಿನಲ್ಲಿ 'ರೀ' ಬಿಡದ ಈ ಸೀಮೆಯಲ್ಲೂ ಯಂತ್ರಕ್ಕೆ ಮರ್ಯಾದೆ ಕೊಡಬೇಕಿಲ್ಲ. ಯಾವುದಾದರೂ ಆಗಲಿ, ಪರದೆಯ ಮೇಲೆ ಇದ್ದದ್ದೇ ಕೈಪಿಡಿಯಲ್ಲೂ ಇರಬೇಕು. ಪರದೆಯಲ್ಲಿ 'ಸಲ್ಲಿಸು', ಪುಸ್ತಕದಲ್ಲಿ 'ಸಬ್‌ಮಿಟ್ ಬಟನ್' ಎಂದಿದ್ದರೆ ಓದುಗನ ಬೆರಳು ಗಾಳಿಯಲ್ಲೇ ನಿಲ್ಲುತ್ತದೆ.

ಈ ಸೀಮೆಗೆ ವಿವರಿಸಿ ಹೇಳುವ ಕಲೆ ಹೊಸದಲ್ಲ. ಇಂದು ಮೂಡಲಗಿ ತಾಲೂಕಿಗೆ ಸೇರಿದ ಕುಲಗೋಡದ ತಮ್ಮಣ್ಣನಿಂದ ಶ್ರೀಕೃಷ್ಣ ಪಾರಿಜಾತ ಎಂಬ ಜನಪದ ಆಟ ಬೆಳೆಯಿತು. ಪಕ್ಕದ ಕೌಜಲಗಿಯ ನಿಂಗಮ್ಮ ಅದನ್ನು ಊರೂರಿಗೆ ಒಯ್ದಳು. ಆ ಆಟದಲ್ಲಿ ಪಾತ್ರ ರಂಗಕ್ಕೆ ಬಂದೊಡನೆ ನೀವು ಯಾರು, ಎಲ್ಲಿಂದ ಬಂದಿರಿ, ಯಾಕೆ ಬಂದಿರಿ ಎಂದು ಕೇಳುವವರೊಬ್ಬರು ಇರುತ್ತಾರೆ. ಕೂತವರ ಮನಸ್ಸಿನ ಪ್ರಶ್ನೆ ಅವರ ಬಾಯಲ್ಲಿ ಬರುತ್ತದೆ. ತಂತ್ರಾಂಶದ ಕೈಪಿಡಿಗೆ ಬೇಕಾದದ್ದು ಇಂಥ ಒಬ್ಬ ಕೇಳುವವನು. ಬರೆದದ್ದನ್ನು ಅಚ್ಚಿಗೆ ಕಳಿಸುವ ಮೊದಲು ಅದನ್ನೆಂದೂ ನೋಡದ ಒಬ್ಬರ ಕೈಗೆ ಕೊಟ್ಟು, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂರುವುದು. ಅವರು ಎಲ್ಲಿ ತಡೆದು ನಿಂತರೋ ಅಲ್ಲಿ ವಾಕ್ಯ ಸೋತಿದೆ. ತಡೆದವರು ಓದಿದವರೋ ಓದದವರೋ ಎಂದು ನೋಡಬಾರದು. ಹುಕ್ಕೇರಿ, ಸಂಕೇಶ್ವರದ ಆನ್‌ಲೈನ್ ಸೆಂಟರ್‌ಗಳಲ್ಲಿ ಕೂತವರು ದಿನಕ್ಕೆ ಹತ್ತಾರು ಸಲ ಈ ಪರೀಕ್ಷೆ ನೋಡುತ್ತಾರೆ. ಯಾವ ಮನೆಯಲ್ಲಿ ಎಲ್ಲರೂ ತಪ್ಪು ತುಂಬುತ್ತಾರೆ, ಯಾವ ಸಂದೇಶ ಕಂಡರೆ ಜನ ಹೆದರಿ ಎದ್ದು ಹೋಗುತ್ತಾರೆ ಎಂದು ಅವರಿಗೆ ಗೊತ್ತು. ತಂತ್ರಾಂಶ ಮಾಡುವವರು ಬಂದು ಕೇಳಿದರೆ ಒಂದು ಮಧ್ಯಾಹ್ನದಲ್ಲಿ ಕೈಪಿಡಿಯ ಅರ್ಧ ತಪ್ಪು ಸಿಗುತ್ತದೆ.

ಸಿಕ್ಕ ತಪ್ಪನ್ನು ತಿದ್ದಲು ಬರುವಂತೆ ಕೈಪಿಡಿ ಇರಬೇಕಲ್ಲ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರಲ್ಲೇ ಜಾಗ ಸಿಕ್ಕಿದೆ. ಆದರೂ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿ, ಅಚ್ಚು ಹಾಕಿ, ಸ್ಕ್ಯಾನ್ ಮಾಡಿ ಏರಿಸಿದ ಕೈಪಿಡಿಗಳು ಈಗಲೂ ಸಿಗುತ್ತವೆ. ಅವುಗಳಲ್ಲಿ 'ವಾರಸಾ' ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಪುಟ ಮಗುಚುತ್ತ ಹೋಗಬೇಕು. ದಿನಾಂಕವೂ ಇರುವುದಿಲ್ಲ. ಮೂಡಲಗಿ 2018ರಲ್ಲಿ ಗೋಕಾಕದಿಂದ ಬೇರೆಯಾಗಿ ತಾಲೂಕಾಯಿತು. ಅದಕ್ಕಿಂತ ಹಿಂದಿನ ಯಾವುದೇ ಸೂಚನೆಯಲ್ಲಿ ಕುಲಗೋಡದವರು ಗೋಕಾಕ ತಾಲೂಕನ್ನು ಆರಿಸಬೇಕಿತ್ತು, ಈಗ ಆರಿಸಿದರೆ ಅವರ ಊರೇ ಪಟ್ಟಿಯಲ್ಲಿ ಸಿಗಲಿಕ್ಕಿಲ್ಲ. ಪುಟದ ಅಡಿಯಲ್ಲಿ 'ಈ ಮಾಹಿತಿ ತಿದ್ದಿದ ದಿನಾಂಕ' ಎಂಬ ಒಂದು ಸಾಲಿದ್ದರೆ ಹಳೆಯದು ಯಾವುದು, ಹೊಸದು ಯಾವುದು ಎಂದು ತಿಳಿಯುತ್ತದೆ.

ಊರಿಂದ ಊರಿಗೆ ಬದಲಾಗುವ ಸಂಗತಿಗಳೂ ಇವೆ. ಕರೆಂಟ್ ಬಿಲ್ಲನ್ನು ಮೊಬೈಲಿನಲ್ಲಿ ಕಟ್ಟುವುದು ಹೇಗೆ ಎಂದು ಬೆಳಗಾವಿ ಜಿಲ್ಲೆಯವರಿಗೆ ಹೇಳುವ ಬರಹ ಸಾಧಾರಣವಾಗಿ 'ಹೆಸ್ಕಾಂ ಆರಿಸಿ' ಎಂದೇ ಶುರುವಾಗುತ್ತದೆ. ಗೋಕಾಕ, ಮೂಡಲಗಿಗೆ ಅದು ಸರಿ. ಹುಕ್ಕೇರಿಯಲ್ಲಿ 1969ರಿಂದ ಜನರದೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘವಿದೆ. ದೇಶದಲ್ಲಿ ಆಗ ಪ್ರಯೋಗಕ್ಕೆಂದು ಹುಟ್ಟಿದ ಐದು ಸಂಘಗಳಲ್ಲಿ ಅದೊಂದು. ರಾಜ್ಯದಲ್ಲಿ ಅಂಥದ್ದು ಇನ್ನೊಂದಿಲ್ಲ. ಅಲ್ಲಿಯ ಗ್ರಾಹಕ ಹೆಸ್ಕಾಂ ಆರಿಸಿ ತನ್ನ ಮೀಟರಿನ ಸಂಖ್ಯೆ ಹಾಕಿದರೆ 'ಅಮಾನ್ಯ ಗ್ರಾಹಕ ಸಂಖ್ಯೆ' ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ತಾನೇ ಅಂಕಿ ತಪ್ಪು ಹಾಕಿದೆ ಎಂದುಕೊಂಡು ಅವನು ಬಿಲ್ಲು ಕಣ್ಣಿಗೆ ಹತ್ತಿರ ಹಿಡಿದು ಮತ್ತೆ ಮತ್ತೆ ತುಂಬುತ್ತಾನೆ. ಅವನಿಗೆ ಬೇಕಾದದ್ದು ಇಷ್ಟು: 'ನಿಮ್ಮ ಬಿಲ್ಲಿನ ನೆತ್ತಿಯ ಮೇಲೆ ಯಾರ ಹೆಸರಿದೆ ನೋಡಿ. ಹೆಸ್ಕಾಂ ಎಂದಿದ್ದರೆ ಇಲ್ಲೇ ಮುಂದುವರಿಯಿರಿ. ಹುಕ್ಕೇರಿ ವಿದ್ಯುತ್ ಸಹಕಾರ ಸಂಘ ಎಂದಿದ್ದರೆ ಇಲ್ಲಿ ಹಣ ಕಟ್ಟಬೇಡಿ. ಸಂಘದ ಕಚೇರಿಯಲ್ಲಿ ವಿಚಾರಿಸಿ.'